ಮರಣದಾಖಲೆಯ ಬೀಗದಯ್ಯ

ಅವರು ಬೀದಿಯಲ್ಲೂ ಪಕ್ಕಕ್ಕೆ ವಾಲಿಕೊಂಡೇ ನಡೆಯುತ್ತಿದ್ದರು. ಎದುರಿಗೆ ಆನೆ ಹೋಗುವಷ್ಟು ಜಾಗವಿದ್ದರೂ ಎಡಭುಜವನ್ನು ಮುಂದೆ ಚಾಚಿ, ಮೈಯನ್ನು ಕಿರಿದಾಗಿಸಿಕೊಂಡು ನುಸುಳುವ ಆ ನಡಿಗೆ, ಮರಣದಾಖಲೆಗಳ ಕಚೇರಿಯ ಇಕ್ಕಟ್ಟಾದ ಕಪಾಟುಗಳ ನಡುವೆ ಮೂವತ್ತೊಂದು ವರ್ಷ ಓಡಾಡಿದ್ದರ ಫಲ. ದಾಖಲೆಪಾಲಕರಾದ ಅವರನ್ನು ಊರೆಲ್ಲ ‘ಬೀಗದಯ್ಯ’ ಎನ್ನುತ್ತಿತ್ತು. ತಮ್ಮ ಬೂದುಬಣ್ಣದ ಕೋಟಿನ ಜೇಬುಗಳನ್ನು ತಾವೇ ಸೂಜಿ ಹಿಡಿದು ಹೊಲಿದು ಮುಚ್ಚಿದ್ದರು, ಕಚೇರಿಯ ಒಂದು ಚೀಟಿಯೂ ಮರೆತು ಸಹ ಮನೆ ಸೇರಬಾರದೆಂದು. ಕರವಸ್ತ್ರದ ವಾಸ ತೋಳಿನೊಳಗೆ.

ಯಾರೇ ಬರಲಿ, ಕನ್ನಡಕದ ಮೇಲಿಂದ ನೋಡಿ ಕೇಳುವ ಪ್ರಶ್ನೆ ಒಂದೇ: “ಸತ್ತವರು ನಿಮಗೆ ಏನಾಗ್ಬೇಕು?” ಮರಣಕಾರಣದ ಹಾಳೆಯನ್ನು ಗಂಡ, ಹೆಂಡತಿ, ಹೆತ್ತವರು, ಮಕ್ಕಳು, ಒಡಹುಟ್ಟಿದವರು ಮಾತ್ರ ನೋಡಬಹುದು, ಉಳಿದವರು ಅರವತ್ತು ವರ್ಷ ಕಾಯಬೇಕು ಎಂಬುದು ಕಾಯ್ದೆ. ಕವಿಯೊಬ್ಬರ ಜೀವನಚರಿತ್ರೆ ಬರೆಯಹೊರಟಿದ್ದ ನಾನು ಎದೆಯುಬ್ಬಿಸಿ “ಅಭಿಮಾನಿ” ಎಂದಿದ್ದೆ.

“ಸಂತೋಷ. ಆದ್ರೆ ಆ ನೆಂಟಸ್ತಿಕೆ ಕಾಯ್ದೆಲಿಲ್ಲ. ಇನ್ನು ನಲವತ್ತೆರಡು ವರ್ಷ ಬಿಟ್ಟು ಬನ್ನಿ.”

ನನಗೆ ಮೈಯೆಲ್ಲ ಉರಿದಿತ್ತು. ಆದರೂ ಹಳೆಯ, ತೆರೆದ ದಾಖಲೆಗಳಿಗಾಗಿ ದಿನವೂ ಹೋಗಿ ಕೂರುತ್ತಿದ್ದುದರಿಂದ ನಮ್ಮಲ್ಲಿ ಸಲಿಗೆ ಬೆಳೆಯಿತು. ಒಮ್ಮೆ ಅವರೇ ಹೇಳಿದರು: ಕೆಲಸಕ್ಕೆ ಸೇರಿದ ಹೊಸತರಲ್ಲಿ, ತಮ್ಮ ಬೀದಿಯ ದರ್ಜಿ ಯಾವ ಕಾಯಿಲೆಯಿಂದ ಸತ್ತನೆಂಬುದನ್ನು ಅಕ್ಕನ ಬಳಿ ಬಾಯಿತಪ್ಪಿ ಆಡಿಬಿಟ್ಟಿದ್ದರಂತೆ. ವಾರದೊಳಗೆ ದರ್ಜಿಯ ಮಕ್ಕಳ ಜೊತೆ ಆಡುವವರಿಲ್ಲ; ತಿಂಗಳೊಳಗೆ ಅವನ ಹೆಂಡತಿ ಹೊಲಿಗೆಯಂತ್ರವನ್ನು ಗಾಡಿಗೇರಿಸಿ ಊರನ್ನೇ ಬಿಟ್ಟಳು. “ಸತ್ತೋನ ಗುಟ್ಟಿಗೆ ಬದುಕಿರೋರು ದಂಡ ತೆತ್ತರು ನೋಡಿ,” ಎಂದು ತಲೆ ತಗ್ಗಿಸಿದ್ದರು.

ಒಂದು ಮಧ್ಯಾಹ್ನ ಶಾಲಾ ಉಪಾಧ್ಯಾಯಿನಿಯೊಬ್ಬರು ಏದುಸಿರು ಬಿಡುತ್ತ ಬಂದರು. ಮರುದಿನ ಬೆಳಿಗ್ಗೆ ಅವರಿಗೆ ಶಸ್ತ್ರಚಿಕಿತ್ಸೆ. ರಕ್ತಪರೀಕ್ಷೆಯಲ್ಲೇನೋ ಅನುಮಾನ ಕಂಡ ವೈದ್ಯರು, ತಾಯಿ ಇಪ್ಪತ್ತಾರನೇ ವಯಸ್ಸಿಗೇ ಹೇಗೆ ತೀರಿಕೊಂಡರೆಂದು, ಊರಮಾತು ನಂಬದೆ ದಾಖಲೆಯಿಂದಲೇ ತಿಳಿದು ಬರಲು ಹೇಳಿದ್ದರು.

“ನಿಮಗೆ ಏನಾಗ್ಬೇಕು?”

“ಹೆತ್ತಮ್ಮ ಸಾರ್. ಕಾಗದದ ಮೇಲೆ ಮಾತ್ರ ಏನೂ ಆಗ್ಬೇಕಿಲ್ಲ.”

ತಾಯಿ ತೀರಿದ ಮೇಲೆ, ವರ್ಷದ ಕೂಸಾಗಿದ್ದಾಗಲೇ ಅವರನ್ನು ದತ್ತು ಕೊಟ್ಟಿದ್ದರು. ದತ್ತುಹೋದವರ ಹಳೆಯ ನಂಟನ್ನು ಕಾಯ್ದೆ ಕಡಿದುಹಾಕಿತ್ತು.

“ಆಗಲ್ಲಮ್ಮ,” ಎಂದರು ಬೀಗದಯ್ಯ, ಕನ್ನಡಕ ಒರೆಸುತ್ತ.

“ಅಯ್ಯೋ, ಒಂದ್ಸಲ ಆ ಕಡೆ ತಿರುಗಿ ನಿಂತ್ಕೊಳ್ಳಿ ಮಾರಾಯ್ರೆ, ಆಕೆ ನೋಡ್ಕೊಳ್ಲಿ!” ಎಂದು ನಾನು ಬಾಯಿ ಹಾಕಿದೆ.

“ನೀವು ಸುಮ್ನಿರಿ!” ಎಂದು ಗದರಿದವರೇ ಕಾಯ್ದೆಯ ದಪ್ಪ ಪುಸ್ತಕವನ್ನೆಳೆದು, ಬೆರಳು ನೆಕ್ಕುತ್ತ ಹಾಳೆ ಮಗುಚತೊಡಗಿದರು. ಉಪಾಧ್ಯಾಯಿನಿ ಕಣ್ಣೊರೆಸಿಕೊಂಡು ಬಾಗಿಲವರೆಗೆ ಹೋಗಿದ್ದರು. “ನಿಲ್ಲಮ್ಮ! ಇದೆ, ಇದೆ! ಇಲ್ಲೇ ಇದೆ!” ಬದುಕಿರುವವರ ಪ್ರಾಣರಕ್ಷಣೆಗಾಗಿ ಚಿಕಿತ್ಸೆ ನೀಡುವ ವೈದ್ಯರು ಲಿಖಿತವಾಗಿ ಕೋರಿದರೆ, ಮರಣಕಾರಣವನ್ನು ಆ ವೈದ್ಯರಿಗಷ್ಟೇ ತಿಳಿಸಬಹುದು! ಮೂವತ್ತೊಂದು ವರ್ಷದಲ್ಲಿ ಯಾರೂ ಬಳಸದ ಎರಡು ಸಾಲಿನ ಉಪನಿಯಮ!

ಕಚೇರಿ ಮುಚ್ಚಲು ಇನ್ನು ಮುಕ್ಕಾಲು ಗಂಟೆ. ಅವರು ಆಸ್ಪತ್ರೆಗೆ ಫೋನು ತಿರುಗಿಸಿದರು. ಬಾಯಿಮಾತು ಸಾಲದು, ರುಜು ಹಾಕಿದ ಪತ್ರವೇ ಬೇಕು. “ಓಡಿ ಸಾಹಿತಿಗಳೇ, ಎರಡೇ ಬೀದಿ!” ನಾನು ಓಡಿದೆ, ಮದುವೆಯಾದ ಮೇಲೆ ಹಾಗೆ ಓಡಿದ್ದೇ ಇಲ್ಲ. ನಾನು ಪತ್ರ ಹಿಡಿದು ಮರಳಿದಾಗ ಅವರು ಕಪಾಟುಗಳ ನಡುವೆ ಏಡಿಯಂತೆ ಸರಸರನೆ ಸರಿದು, ಆ ತಾಯಿಯ ಹಾಳೆಯನ್ನು ಹುಡುಕಿ ಓದಿ ಬಿಳಿಚಿಕೊಂಡರು. ಕಾರಣವನ್ನಷ್ಟೇ ನಕಲು ಮಾಡಿ ಲಕೋಟೆಗೆ ಅರಗು ಒತ್ತಿದರು. ಉಪಾಧ್ಯಾಯಿನಿ ಕೈಚಾಚಿದರೆ, “ಡಾಕ್ಟರ ಕೈಗೇ ತಾಯಿ, ಬೇಜಾರ್ಮಾಡ್ಕೋಬೇಡಿ,” ಎಂದು ಎದೆಗೊತ್ತಿಕೊಂಡು ಹೊರಟರು. ಜನ ನಿಂತು ನೋಡುವಂತೆ ನಡುಬೀದಿಯಲ್ಲಿ ಪಕ್ಕಕ್ಕೆ ವಾಲಿಕೊಂಡೇ ಓಡಿದರು!

ವೈದ್ಯರು ಓದಿದವರೇ ಎದ್ದು ನಿಂತರು. ಆಮೇಲೆ ಉಪಾಧ್ಯಾಯಿನಿಯೇ ನನಗೆ ಹೇಳಿದಂತೆ, ತಾಯಿ ಸತ್ತದ್ದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ, ಅರಿವಳಿಕೆಯ ಮದ್ದು ಮೈಗೆ ಒಗ್ಗದೆ ಜ್ವರ ವಿಪರೀತವಾಗಿ ಏರಿ. ರಕ್ತದಲ್ಲಿ ಮಕ್ಕಳಿಗೂ ಇಳಿದುಬರುವ ದೋಷ ಅದು. ಮರುದಿನಕ್ಕೆ ಸಿದ್ಧವಾಗಿದ್ದದ್ದೂ ಅದೇ ಜಾತಿಯ ಮದ್ದು. ಅದನ್ನು ಬದಲಿಸಿದರು, ಉಪಾಧ್ಯಾಯಿನಿ ಬದುಕಿದರು.

ಐದನೆಯ ದಿನ ನೋಡಹೋದ ನಮ್ಮೆದುರು ಆಕೆ ನಗುತ್ತಲೇ ಅತ್ತರು. “ಡಾಕ್ಟರು ಎಲ್ಲ ಹೇಳಿದ್ರು. ಅಮ್ಮ ನನ್ನನ್ನ ಬಿಟ್ಟು ಬಾವಿಗೆ ಬಿದ್ಲು ಅಂತಾನೇ ಎಲ್ರೂ ಹೇಳಿದ್ದು ಸಾರ್. ಅವಳು ಬದುಕೋಕೇ ಹೋಗಿದ್ಲಂತೆ!” ಬೀಗದಯ್ಯ ಕಿಟಕಿಯತ್ತ ತಿರುಗಿ, ತೋಳಿನೊಳಗಿಂದ ಕರವಸ್ತ್ರ ಎಳೆದರು.

ಸರದಿಯಲ್ಲಿ ನಿಂತಾಗ ನಾವು ಇಂಥವರನ್ನು ಕಲ್ಲೆದೆಯವರೆಂದು ಶಪಿಸುತ್ತೇವೆ. ಆದರೆ ಒಂದು ದಿನ ನಾವೆಲ್ಲರೂ ಅವರ ಕಪಾಟು ಸೇರುವವರೇ. ನಮ್ಮ ಕಟ್ಟಕಡೆಯ ಸಂಕಟವನ್ನು ಊರ ಬಾಯಿಗೆ ಹಾಕದೆ ಕಾಯುವವರು, ಅದರಿಂದ ಒಂದು ಜೀವ ಉಳಿಯುವುದಾದರೆ ಮಾತ್ರ ಎದ್ದುಬಿದ್ದು ಓಡುವವರು, ಆಗ ಅಲ್ಲಿ ಒಬ್ಬರಾದರೂ ಇರಲಿ ಎಂದು ಯಾರ ಮನಸ್ಸು ತಾನೇ ಬಯಸದು?