ಐವತ್ನಾಲ್ಕಲ್ಲ, ಮೂವತ್ತು

ಬೆಳಗಿನ ಬಿಸಿಲು ಮಗುವಿನ ಹಣೆಗೆ ಬಿದ್ದಿದೆ, ಈ ಹಳದಿ ಬಿಸಿಲಿನದೋ ಚರ್ಮದ್ದೋ, ಬೆರಳಿಂದ ಮೆಲ್ಲಗೆ ಒತ್ತಿ ಬಿಡುತ್ತೇನೆ, ಚರ್ಮದ್ದೇ — ಕಣ್ಣನ್ನು ನಂಬಬೇಡ ಕಣೇ, ರಕ್ತ ಏನನ್ನುತ್ತೆ ಕೇಳು, ನಾನು ನರ್ಸ್ ಕೆಲಸಕ್ಕೆ ಸೇರಿದ ವಾರವೇ ಹಿರಿಯಕ್ಕ ಹೇಳಿದ್ದರು, ರಕ್ತ ಹೇಳಿದೆ, ಹಳದಿಗೆ ಕಾರಣವಾದ ಬಿಲಿರುಬಿನ್ ಹದಿನೈದು, ಈಗ ಗ್ರಾಫಿನ ಹಾಳೆ, ಅಡಿಯಲ್ಲಿ ಮಗುವಿನ ವಯಸ್ಸು ಗಂಟೆಗಳಲ್ಲಿ, ಪಕ್ಕದಲ್ಲಿ ಬಿಲಿರುಬಿನ್, ನಡುವೆ ಓರೆಯಾಗಿ ಏರುತ್ತಾ ಹೋಗುವ ಒಂದು ಗೆರೆ, ಅದನ್ನು ದಾಟಿದ ಕೂಸಿಗೆ ನೀಲಿ ದೀಪ, ಎಂಥ ವಿಚಿತ್ರ, ಅದೇ ಹದಿನೈದು ಮೂರನೇ ದಿನದ ಕೂಸಿಗಾದರೆ ಪರವಾಗಿಲ್ಲ, ಎರಡನೇ ದಿನದ್ದಕ್ಕೆ ಅಪಾಯ, ಈ ಮಗು ಹುಟ್ಟಿದ್ದು ಬುಧವಾರ ಒಂದಕ್ಕೆ ಎಂದಿದೆ ಚೀಟಿಯಲ್ಲಿ, ಅಂದರೆ ಮಂಗಳವಾರ ನಡುರಾತ್ರಿ ಕಳೆದು, ಇವತ್ತು ಶುಕ್ರವಾರ, ಏಳು ಗಂಟೆ, ಐವತ್ನಾಲ್ಕು ಗಂಟೆಯಾಯಿತು, ಚುಕ್ಕಿ ಗೆರೆಯ ಕೆಳಗೇ ಬಿತ್ತು, ಸದ್ಯ, ಆದರೆ ಹೊಟ್ಟೆಯವರೆಗೂ ಯಾಕಿಷ್ಟು ಹಳದಿ, ಮೊಲೆಗೆ ಹಚ್ಚಿದರೂ ಯಾಕೆ ತೂಕಡಿಸುತ್ತಿದೆ — ನಮ್ಮನೇಲಿ ಎಲ್ಲಾ ಮಕ್ಕಳೂ ಹಿಂಗೇ, ತಾನಾಗೇ ಹೋಗುತ್ತೆ ಅನ್ನುತ್ತಾರೆ ಅಜ್ಜಿ, ಎರಡು ದಿನ ದಾಟಿದೆಯಲ್ಲಾ, ಗಾಬರಿ ಬೇಡ ಅನ್ನುತ್ತೇನೆ ನಾನೂ, ಬಾಣಂತಿ ನಗುತ್ತಾಳೆ, ಎಲ್ಲಿ ಎರಡು ದಿನ ಸಿಸ್ಟರ್, ಬುಧವಾರ ಸಾಯಂಕಾಲ ಹೊಟ್ಟೆ ಹೊತ್ಕೊಂಡು ಇದೇ ವರಾಂಡದಲ್ಲಿ ಸುತ್ತುತಾ ಇದ್ದೆ, ಬಸ್ ಕಂಡಕ್ಟರ್ ನಾನು, ಟೈಮ್ ವಿಷಯದಲ್ಲಿ ನನ್ನ ಯಾಮಾರಿಸೋಕೆ ಆಗಲ್ಲ — ಬುಧವಾರ ಸಾಯಂಕಾಲ ಹೊಟ್ಟೆಯೊಳಗಿದ್ದದ್ದು ಬುಧವಾರ ಒಂದಕ್ಕೆ ಹುಟ್ಟುವುದು ಹೇಗೆ, ಹೆರಿಗೆ ಕೋಣೆಗೆ ಫೋನ್ ಹಚ್ಚುತ್ತೇನೆ, ಅಯ್ಯೋ ಗುರುವಾರ ಕಣ್ರೀ, ಹನ್ನೆರಡು ಹೊಡೆದದ್ದು ಮರೆತು ಹಳೇ ತಾರೀಕನ್ನೇ ಬರೆದುಬಿಟ್ಟಿದ್ದೀವಿ, ಹಾಗಾದರೆ ಮೂವತ್ತು ಗಂಟೆ, ಪೆನ್ನಿನ ಮೊನೆ ಅದೇ ಎತ್ತರದಲ್ಲಿ ಎಡಕ್ಕೆ ಸರಿಯುತ್ತದೆ, ಸರಿಯುತ್ತಲೇ ಗೆರೆಯ ಮೇಲೆ ಹೋಗುತ್ತದೆ, ರಕ್ತ ಒಂದಿಷ್ಟೂ ಬದಲಾಗಿಲ್ಲ, ನಾನು ಡಾಕ್ಟರನ್ನು ಕೂಗುತ್ತೇನೆ, ಓಡಿಬರುತ್ತಾರೆ, ತಾಯಿ ರಕ್ತದ ಗುಂಪು ಓ, ಮಗುದು ಎ, ಒಂದಕ್ಕೊಂದು ಹೊಂದಲ್ಲ, ಅದಕ್ಕೇ ಇಷ್ಟು ಬೇಗ ಏರಿದೆ, ದೀಪ ಹಾಕಿ, ಎರಡೂ ಹಾಕಿ, ನಾಲ್ಕು ಗಂಟೆ ಬಿಟ್ಟು ಮತ್ತೆ ರಕ್ತ ತೆಗೀರಿ, ನೀಲಿ ಬೆಳಕಿನ ಗಾಜಿನ ಪೆಟ್ಟಿಗೆಯೊಳಗೆ ಮಗು, ಇದೇನು ಮೀನಿನ ತೊಟ್ಟಿ ಥರ ಎಂದು ಕಂಡಕ್ಟರ್ ಬಾಯಿ ಮುಚ್ಚಿಕೊಂಡು ಅಳುತ್ತಾಳೆ, ಬೆಳಕು ಹಳದಿಯನ್ನು ಒಡೆಯುವುದಿಲ್ಲವಂತೆ, ಅದರ ಆಕಾರ ಬದಲಿಸುತ್ತದಂತೆ, ಆಮೇಲೆ ಅದು ಸಲೀಸಾಗಿ ಹೊರಗೆ ಹೋಗುತ್ತದಂತೆ, ಬೆಳಕಿಗೆ ಚರ್ಮದೊಳಗೆ ಕೈ ಹಾಕಲು ಹೇಗೆ ಬರುತ್ತದೋ — ಮಧ್ಯಾಹ್ನದ ರಕ್ತದಲ್ಲಿ ಹದಿನಾಲ್ಕೂವರೆ, ಸಂಜೆಯದರಲ್ಲಿ ಹದಿಮೂರು, ಚುಕ್ಕಿ ಗೆರೆಯ ಕೆಳಗೆ, ಮಗು ಕಿರುಚಿ ಹಾಲು ಕೇಳುತ್ತದೆ, ಬಟ್ಟೆ ಬಿಚ್ಚುತ್ತೇನೆ, ಹಸಿರು, ಹೀಗೆ ಹೊರಟಿತೇ ಒಳಗಿನ ಹಳದಿ, ಕಣ್ಣು ಕೀಳಲಾಗುತ್ತಿಲ್ಲ, ಕಕ್ಕನ ಇಷ್ಟು ಆಸೆಯಿಂದ ನೋಡೋರನ್ನ ನಾನು ಕಂಡಿಲ್ಲಮ್ಮ ಅನ್ನುತ್ತಾರೆ ಅಜ್ಜಿ, ನಾನಿನ್ನೂ ನೋಡುತ್ತಲೇ ಇದ್ದೇನೆ, ಹಸಿರು, ಬಿಳಿ ಬಟ್ಟೆಯ ಮೇಲೆ ಪುಟ್ಟ ಅಂಗೈಯಗಲ ಹಸಿರು