ಕಿಟಕಿ ಸೀಟಿನ ಗಿಣ್ಣು

ಪುಟ್ಟಗೌರಮ್ಮನ ಹಸು ಕರು ಹಾಕಿದ ದಿನವೇ ಉತ್ತರದ ಯಾವುದೋ ಊರಿನ ಸಂತೆಯಲ್ಲಿ ಉಗ್ರರು ಇಟ್ಟ ಬಾಂಬು ಸಿಡಿದು ಜನ ಸತ್ತಿದ್ದರು. ಮರುದಿನ ಬೆಳಿಗ್ಗೆ ಬಿಂಡಿಗನವಿಲೆಯ ಡೈರಿ ಮುಂದೆ ಎಲ್ಲರ ಬಾಯಲ್ಲೂ ಅದೇ. ‘ತರ್ಕಾರಿ ತಗಳಕ್ಕೋದೋರು ಇವ್ರ್‌ಗೇನ್ ಮಾಡಿದ್ರು’ ಎಂದು ಪುಟ್ಟಗೌರಮ್ಮನೂ ನೊಂದುಕೊಂಡಳು. ನೊಂದುಕೊಂಡೇ ಗಿಣ್ಣು ಹಾಲನ್ನು ಕ್ಯಾನಿಗೆ ತುಂಬಿದಳು. ಹೋದ ಸಲ ಹಸು ಈದಾಗ ಗಿಣ್ಣನ್ನೆಲ್ಲ ಸೊಸೆ ರಂಜಿತಳ ತವರಿಗೆ ಕಳಿಸಿ, ಬೆಳಗೊಳದಲ್ಲಿರುವ ಮಗಳು ರಮ್ಯಳಿಗೆ ಒಂದು ಲೋಟವನ್ನೂ ಮುಟ್ಟಿಸಿರಲಿಲ್ಲ. ಅಂದಿನಿಂದ ರಮ್ಯ ಫೋನಿನಲ್ಲಿ ‘ಹೂಂ’, ‘ಉಹೂಂ’ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಈ ಸಲವೂ ತಲುಪದಿದ್ದರೆ ಅದೂ ನಿಲ್ಲುತ್ತಿತ್ತು.

ನಾಗಮಂಗಲದಲ್ಲಿ ಶ್ರೀರಂಗಪಟ್ಟಣದ ಬಸ್ಸು ನಿಂತಿತ್ತು. ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲರೂ ಕಿಟಕಿಯಿಂದಲೇ ಟವೆಲ್ಲು, ಚೀಲ, ಒಬ್ಬನಂತೂ ಒಂಟಿ ಚಪ್ಪಲಿ ಎಸೆದು ಸೀಟು ಹಿಡಿಯುತ್ತಿದ್ದರು. ಪುಟ್ಟಗೌರಮ್ಮ ತುದಿಗಾಲಲ್ಲಿ ನಿಂತು, ಕ್ಯಾನಿದ್ದ ವೈರ್ ಬ್ಯಾಗನ್ನು ಮೆಲ್ಲಗೆ ಕಿಟಕಿ ಸೀಟಿಗೆ ಇಳಿಬಿಟ್ಟಳು. ಸೀಟು ಸಿಕ್ಕಿದ ಮೇಲೆ ಅವಸರವೇನು? ಮಗಳಿಗೆ ಹೂ ಕೊಳ್ಳಲು ಹೋದಳು.

ಚೌಕಾಸಿ ಮುಗಿಸಿ ಬಂದರೆ ಬಸ್ಸು ಖಾಲಿ. ಜನವೆಲ್ಲ ಎದುರಿನ ಹೋಟೆಲಿನ ಗೋಡೆಗೆ ಅಂಟಿಕೊಂಡಿದ್ದರು.

‘ಏನ್ಲಾ ಆಯ್ತು?’

‘ಬಾಂಬಂತೆ ಕಣವ್ವ,’ ಎಂದ ಕಂಡಕ್ಟರ್ ದ್ಯಾವಯ್ಯ. ‘ಯಾವ್ದೋ ಬ್ಯಾಗು. ಅರ್ಸಿನದ್ ನೀರಂಗೆ ತೊಟ್ಟಿಕ್ತಾ ಅದೆ. ಅದ್ರ ಯಜಮಾನ ಇಲ್ಲ.’

‘ಅಯ್ಯಯ್ಯೋ! ನನ್ ಗಿಣ್ಣು ಅದೇ ಬಸ್ಸಲ್ಲದೆಯಲ್ಲೋ!’

ವರದಿಗಾರ ಶಿವಲಿಂಗಯ್ಯ ಆಗಲೇ ಕಿವಿಗೆ ಫೋನ್ ಒತ್ತಿಕೊಂಡು ಚಾನೆಲ್ಲಿಗೆ ಲೈವ್ ಕೊಡುತ್ತಿದ್ದ. ‘ಒಂದೇ ಬ್ಯಾಗಾ?’ ಎಂದು ಸ್ಟುಡಿಯೋದವರು ಕೇಳಿದರು. ಅವನು ಇಣುಕಿ ನೋಡಿ, ‘ಎಲ್ಲ ಸೀಟಲ್ಲೂ ಇವೆ ಸಾರ್’ ಎಂದ. ಅದು ಸುಳ್ಳಲ್ಲ. ಜನ ಇಳಿದು ಓಡಿದ್ದರೇ ಹೊರತು ಸೀಟು ಬಿಟ್ಟಿರಲಿಲ್ಲ.

‘ನಿಮ್ ನಿಮ್ ಸಾಮಾನ್ ತಕ್ಕಳ್ರಪ್ಪಾ!’ ದ್ಯಾವಯ್ಯ ಕೂಗಿದ.

‘ತಕ್ಕಂಡ್ರೆ ಸೀಟು ನೀನ್ ಕೊಡ್ತೀಯೇನ್ಲಾ?’

ಹೋಟೆಲಿನ ಟೀವಿಯಲ್ಲಿ ‘ಬಸ್ ತುಂಬಾ ಬಾಂಬ್?’ ಎಂದು ಬಂತು. ಪ್ರಶ್ನೆ ಚಿಹ್ನೆ ಚಿಕ್ಕದಿತ್ತು. ಸಂತೆಯಲ್ಲಿ ಸತ್ತವರು ಪರದೆಯ ಕೆಳಗೆ ಒಂದು ಸಾಲಾಗಿ ಓಡುತ್ತಿದ್ದರು. ಮೇಲೆ, ಪರದೆ ತುಂಬ, ಶಿವಲಿಂಗಯ್ಯ ಕಳಿಸಿದ ಫೋಟೋದಲ್ಲಿ, ಕೆಂಪು ಹಸಿರಿನ ವೈರ್ ಬ್ಯಾಗು.

‘ಲೇ, ಅದು ನಂದು ಕಣ್ರಲಾ! ಗಿಣ್ಣಾಲು!’

ಪೊಲೀಸಿನವನು ಲಾಠಿ ಅಡ್ಡ ಹಿಡಿದ. ‘ಮೈಸೂರಿಂದ ಸ್ಕ್ವಾಡ್ ಬತ್ತಾ ಅದೆ. ಅಲ್ಲೀಗಂಟ ಯಾರೂ ಮುಟ್ಟಂಗಿಲ್ಲ.’

‘ಬಂದು ಏನ್ ಮಾಡ್ತಾರೆ?’

‘ಬಯಲಿಗ್ ತಗೊಂಡೋಗಿ ಸಿಡಿಸ್ತಾರೆ.’

‘ಗಿಣ್ಣ?’

ಪುಟ್ಟಗೌರಮ್ಮ ನೆತ್ತಿಯ ಬಿಸಿಲು ನೋಡಿದಳು. ಸ್ಕ್ವಾಡ್ ಬರುವಷ್ಟರಲ್ಲಿ ಹಾಲು ಹುಳಿಯುತ್ತಿತ್ತು. ಲಾಠಿಯನ್ನು ಪಕ್ಕಕ್ಕೆ ಸರಿಸಿ ಸೀದಾ ಬಸ್ಸು ಹತ್ತಿದಳು. ಪೊಲೀಸಿನವನು ಸೀಟಿ ಊದಿದ, ಹಿಂದೆ ಮಾತ್ರ ಹೋಗಲಿಲ್ಲ. ಅವಳು ಕಿಟಕಿ ಸೀಟಲ್ಲಿ ಕೂತು, ಕ್ಯಾನನ್ನು ತೊಡೆ ಮೇಲಿಟ್ಟು, ಮುಚ್ಚಳ ಬಿಗಿ ಮಾಡಿ, ‘ದ್ಯಾವಯ್ಯಾ, ಟಿಕೀಟ್ ಕೊಡು ಬಾ’ ಎಂದಳು.

ಅವಳು ಸಿಡಿಯಲಿಲ್ಲ. ಕೂಡಲೇ ಜನಕ್ಕೆ ಬಾಂಬಿಗಿಂತ ದೊಡ್ಡ ಭಯ ಹುಟ್ಟಿತು. ಯಾರಾದರೂ ಸೀಟು ಹೊಡೆದುಕೊಂಡರೆ? ಎಲ್ಲರೂ ಒಟ್ಟಿಗೇ ನುಗ್ಗಿದರು. ಪೊಲೀಸಿನವನ ಲಾಠಿ ಪಕ್ಕಕ್ಕೆ ಸರಿಯಿತು, ದ್ಯಾವಯ್ಯ ‘ರೈಟ್’ ಎಂದ.

‘ಸಾರ್, ಅದು ಗಿಣ್ಣು ಹಾಲು,’ ಎಂದು ಶಿವಲಿಂಗಯ್ಯ ಫೋನಿಗೆ ಹೇಳಿದ.

‘ಅದ್ನ ಲ್ಯಾಬ್ ಹೇಳ್ಬೇಕು ಕಣ್ರೀ. ಹೇಳಕ್ಕೆ ನೀವ್ಯಾರು?’

ಬಸ್ಸು ಪಾಂಡವಪುರ ದಾಟುವಾಗ ರಮ್ಯಳ ಫೋನು ಬಂತು. ತಿಂಗಳುಗಟ್ಟಲೆ ಕೂಡಿಟ್ಟ ಮಾತೆಲ್ಲ ಒಟ್ಟಿಗೇ ಬಂದಂತಿತ್ತು. ‘ಅವ್ವ, ನಿನ್ ಬ್ಯಾಗು ಟೀವಿಲಿ ಬತ್ತಾ ಅದೆ! ಅದೇನೋ ಅಳ್ದಿ ಕೆಮಿಕಲ್ಲಂತೆ. ಅದ್ನ ಒಳಕ್ ತರಂಗಿಲ್ಲ ಅಂತಾವ್ರೆ ನಮ್ಮತ್ತೆ.’

‘ಕೈಯಾರ ಕರ್ದೋಳು ನಾನು ಕಣೇ!’

‘ನಾನೂ ಅದೇ ಅಂದೆ. ಸುಮ್ಸುಮ್ನೆ ಟೀವಿಲಿ ಆಕ್ತಾರಾ ಅಂತಾರೆ.’

ಬೆಳಗೊಳದಲ್ಲಿ ಬೀಗಿತ್ತಿ ಬಾಗಿಲಿಗೆ ಅಡ್ಡ ನಿಂತಿದ್ದರು. ಪುಟ್ಟಗೌರಮ್ಮ ಜಗಳ ಆಡಲಿಲ್ಲ. ಅಂಗಳದಲ್ಲೇ ಮೂರು ಕಲ್ಲಿಟ್ಟು ಒಲೆ ಹೂಡಿ, ಬೆಲ್ಲ ಏಲಕ್ಕಿ ಹಾಕಿ ಗಿಣ್ಣು ಕಾಯಿಸಿದಳು. ಬೀಗಿತ್ತಿ ಕೊಟ್ಟಿಗೆಯ ಕಂಬದ ಹಿಂದಿನಿಂದ ನೋಡುತ್ತಿದ್ದರು. ಹಳದಿ ರಾಸಾಯನಿಕವನ್ನು ಪ್ರಯೋಗಾಲಯಕ್ಕೆ ಕಳಿಸಲಾಗಿದೆ ಎಂದು ಒಳಗೆ ಟೀವಿ ಅರಚುತ್ತಿತ್ತು. ಹಾಲು ಒಡೆದು ಗಟ್ಟಿಯಾಯಿತು. ಪುಟ್ಟಗೌರಮ್ಮ ತಾನೇ ಒಂದು ತುತ್ತು ತಿಂದಳು. ಯಾರೂ ಅಲ್ಲಾಡಲಿಲ್ಲ. ಇನ್ನೊಂದು ತಿಂದಳು.

ರಮ್ಯ ಧಡಧಡ ಬಂದು ಪಾತ್ರೆ ಕಿತ್ತುಕೊಂಡಳು. ‘ತತ್ತಾ ಇತ್ಲಾಗೆ. ಎಲ್ಲ ನೀನೇ ಮುಗಿಸ್ಬುಡ್ತೀಯ!’

ಅವ್ವನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ತಿನ್ನತೊಡಗಿದಳು. ಸ್ವಲ್ಪ ಹೊತ್ತು ಬಿಟ್ಟು ಕಂಬದ ಹಿಂದಿನಿಂದ ಸಣ್ಣ ದನಿ ಬಂತು. ‘ಏನಾರ ಆಯ್ತಾ ಅದೇನಮ್ಮೀ?’

ಏಲಕ್ಕಿ ಘಮ ಅಲ್ಲಿಗೂ ಹೋಗಿತ್ತು. ರಮ್ಯ ಅವ್ವನ ಮುಖ ನೋಡಿದಳು, ಪಾತ್ರೆಯ ತಳ ನೋಡಿದಳು.

‘ಇನ್ನೂ ಗೊತ್ತಾಯ್ತಿಲ್ಲ ಅತ್ತೆ,’ ಎಂದಳು ಬಾಯಿ ತುಂಬ ಗಿಣ್ಣಿಟ್ಟುಕೊಂಡು. ‘ನೀವ್ ಅಲ್ಲೇ ಇರಿ. ಇನ್ನೊಂಚೂರು ತಿಂದ್ ಯೋಳ್ತೀನಿ.’