ಸಾಹೇಬರು ಓದದ ನಾಲ್ಕನೇ ಹಾಳೆ

ನಮ್ಮ ಪ್ರೆಸ್ಸಿನ ಬೈಂಡಿಂಗ್ ಶೆಡ್ಡಿನಲ್ಲಿ ಊಟದ ಹೊತ್ತಿಗೆ ಮಸಿ ಹರಡಿ ಕೆಟ್ಟ ಹಾಳೆಗಳನ್ನು ಹಾಸಿಕೊಂಡು ಕೂರುತ್ತಿದ್ದೆವು. ಉಣ್ಣಲಿಕ್ಕಲ್ಲ, ಓದಲಿಕ್ಕೆ. ಏಳನೇ ತರಗತಿಗೇ ಶಾಲೆ ಬಿಟ್ಟ ನನಗೆ ಓದುವ ಚಟ ಹತ್ತಿಸಿದ್ದು ಒಬ್ಬ ಗೂಢಚಾರನ ಚಿತ್ರಕಥೆ. ತಿಂಗಳಿಗೊಂದು ಪುಸ್ತಕ, ಅಚ್ಚಾಗುತ್ತಿದ್ದದ್ದು ನಮ್ಮಲ್ಲೇ. ಅವನ ಹತ್ತಿರ ಪಿಸ್ತೂಲಿಲ್ಲ. ಬೋಳುತಲೆ, ಮಂಡಿನೋವು. ಒಂದು ಸಂಚಿಕೆಯಲ್ಲಿ ನಾಲ್ಕು ಪುಟ ಪೂರ್ತಿ ಎದುರುಮನೆಯ ಪರದೆ ಸರಿಯಲಿ ಎಂದು ಕಾಯುತ್ತಾನೆ, ಅಷ್ಟೆ. ಚಹಾ ಆರುತ್ತದೆ, ಬೆಳಕು ಇಳಿಯುತ್ತದೆ. ನನಗೆ ಉಸಿರೇ ಕಟ್ಟಿತ್ತು.

"ಇವನಿಗಿಂತ ನಿಮ್ಮಕ್ಕ ವಾಸಿ ಕಣೋ," ಎಂದು ಭಾವ ನಗುತ್ತಿದ್ದರು. "ನಾನು ಚಪ್ಪಲಿ ಬಿಡೋ ಸದ್ದಲ್ಲೇ ಎಲ್ಲಿಗೆ ಹೋಗಿದ್ದೆ ಅಂತ ಹೇಳ್ತಾಳೆ."

ಕಟಿಂಗ್ ಮಷೀನಿನ ಕೆಲಸ ಭಾವನದು. ನನ್ನನ್ನು ಕೆಲಸಕ್ಕೆ ಸೇರಿಸಿದವರೂ ಅವರೇ. ಓದಿದ ಮೇಲೆ ಒಂದು ಕೆಟ್ಟ ಹಾಳೆ ಮಡಚಿ, ಅಂಗಿಯೊಳಗೆ ತುರುಕಿ ಅಕ್ಕನಿಗೆ ಒಯ್ಯುತ್ತಿದ್ದರು. ಅವಳಿಗೂ ಆ ಬೋಳುತಲೆಯವನೆಂದರೆ ಪ್ರಾಣ.

ಒಂದು ದಿನ ಮ್ಯಾನೇಜರ್ ಕರೆದ. ಪುಸ್ತಕ ಅಂಗಡಿ ಸೇರುವ ಮೊದಲೇ ಕೊನೆಯ ಪುಟಗಳ ಫೋಟೋ ಕಂಡಕಂಡವರ ಮೊಬೈಲಿನಲ್ಲಿ ಓಡಾಡುತ್ತಿದ್ದವು.

"ನಿಂದು ಹದ್ದಿನ ಕಣ್ಣಂತಲ್ಲೋ. ಯಾರು ಏನ್ ಮಾಡ್ತಾರೆ, ಒಂದು ವಾರ ನೋಡಿ ಬರ್ಕೊಡು. ಕಳ್ಳನ್ನ ನಾನು ಹಿಡೀತೀನಿ."

ನಾನು ಉಬ್ಬಿಹೋದೆ. ಕಂಡದ್ದನ್ನೆಲ್ಲ ಬರೆ, ನಿನ್ನವರೆಂದು ಬಿಡಬೇಡ: ಇದು ಬೋಳುತಲೆಯವನ ನಿಯಮ. ಅವನ ಸಾಹೇಬರು ಕಡತವನ್ನು ಮೊದಲಿಂದ ಕಡೆತನಕ ಓದಿ, ತಪ್ಪಿಲ್ಲದವರನ್ನು ಬಿಡಿಸುತ್ತಾರೆ. ಆ ಧೈರ್ಯದ ಮೇಲೆ ಬರೆದೆ.

ಮೊದಲ ಹಾಳೆ: 'ಸೋಮವಾರ, ಒಂದು ಹತ್ತು. ಕಟಿಂಗ್ ಮಷೀನಿನವರು ಕೆಟ್ಟ ಹಾಳೆ ಮಡಚಿ ಅಂಗಿಯೊಳಗೆ ಇಟ್ಟುಕೊಂಡರು. ನಗುತ್ತಿದ್ದರು.'

ನಾಲ್ಕನೇ ಹಾಳೆ: 'ಗುರುವಾರ, ನಾಲ್ಕು ಇಪ್ಪತ್ತು. ಶೆಡ್ಡಿನಲ್ಲೇ ಕೆಲಸಕ್ಕಿರುವ ಮ್ಯಾನೇಜರ ಬಾಮೈದ ಕೊನೆಯ ಪುಟಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದಾಗಿ ಫೋಟೋ ತೆಗೆದ.'

ಶನಿವಾರ ಬೆಳಿಗ್ಗೆ ಕೊಟ್ಟೆ. ಮಧ್ಯಾಹ್ನಕ್ಕೆ ಭಾವನನ್ನು ಕೆಲಸದಿಂದ ತೆಗೆದರು.

ಮ್ಯಾನೇಜರನ ಕೋಣೆಗೆ ನುಗ್ಗಿದೆ. "ಸಾರ್, ನಾಲ್ಕನೇ ಹಾಳೆ ನೋಡಿ."

"ಮೊದಲನೇದ್ರಲ್ಲೇ ಕಳ್ಳ ಸಿಕ್ಕ. ಮುಂದೆ ಓದ್ತಾ ಕೂರಕ್ಕೆ ನನಗೇನು ಬೇರೆ ಕೆಲ್ಸ ಇಲ್ವೇನೋ?"

ಆ ಪುಸ್ತಕದಲ್ಲಿ ಎಲ್ಲವೂ ನಿಜ. ಮಂಡಿನೋವು ನಿಜ, ಆರಿದ ಚಹಾ ನಿಜ. ಸಾಹೇಬರು ಪೂರ್ತಿ ಓದುತ್ತಾರೆ ಅನ್ನುವುದೊಂದೇ ಹಸೀ ಸುಳ್ಳು.

ನನ್ನ ವರದಿಯ ಮೇಲೆ ಮ್ಯಾನೇಜರನ ಲೋಟ ಕೂತಿತ್ತು. ಹಾಳೆಗಳನ್ನು ಎಳೆದುಕೊಂಡೆ, ಚಹಾ ಚೆಲ್ಲಿತು, ಚೆಲ್ಲಲಿ. ಶೆಡ್ಡಿಗೆ ಬಂದು ಮಷೀನು ಆರಿಸಿ, ಕಾಗದದ ಅಟ್ಟಿ ಹತ್ತಿ, ನಾಲ್ಕನೇ ಹಾಳೆಯನ್ನು ಗಟ್ಟಿಯಾಗಿ ಓದಿದೆ. ಜನರೆದುರು ಓದಿ ಗೊತ್ತಿಲ್ಲ. ನಾನೇ ಬರೆದ ಅಕ್ಷರಕ್ಕೆ ನಾನೇ ತೊದಲಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಆ ಬಾಮೈದ ಮೊಬೈಲಿದ್ದ ಜೇಬು ಮುಟ್ಟಿಕೊಂಡ. ಎಲ್ಲರೂ ಕಂಡರು. ಯಾರೋ ಮಷೀನು ಶುರುಮಾಡಿದರು. ನನ್ನನ್ನು ಗೇಟಿನಾಚೆ ನೂಕಿದರು.

ಮನೆಯಲ್ಲಿ ಭಾವ ಹೊಸ್ತಿಲ ಮೇಲೆ ಕೂತಿದ್ದರು. ಅಕ್ಕ ನನ್ನ ಮುಖ ನೋಡದೆ ಒಳಗೆ ಹೋದಳು.

"ಕೊಡಿಲ್ಲಿ ಅದನ್ನ," ಎಂದರು ಭಾವ.

ಚಹಾದಲ್ಲಿ ಅಂಟಿಕೊಂಡ ಹಾಳೆಗಳನ್ನು ಬಿಡಿಸಿ, ಮೊದಲಿಂದ ಕಡೆತನಕ ಓದಿದರು. ಅದನ್ನು ಪೂರ್ತಿ ಓದಿದವರು ಅವರೊಬ್ಬರೇ.

"ನಗುತ್ತಿದ್ದರು ಅಂತ ಬರ್ದಿದೀಯ."

"ನಗ್ತಾ ಇದ್ರಲ್ಲ ಭಾವ."

"ಪಕ್ಕದಲ್ಲಿ ಯಾರು ಕೂತಿದ್ದಿದ್ದು? ಯಾರ ಜೊತೆ ನಗ್ತಿದ್ದೆ ನಾನು? ಅದನ್ನ ಯಾಕೆ ಬರೀಲಿಲ್ಲ?"

ಎಲ್ಲ ಹಾಳೆಗಳನ್ನೂ ತಿರುವಿ ತಿರುವಿ ಹುಡುಕಿದೆ. ನಾನೆಲ್ಲೂ ಇರಲಿಲ್ಲ.